ಹೆಬ್ಬೆರಳ ಉಗುರಿನಷ್ಟು ಜಗತ್ತು

ನಮ್ಮ ಅವ್ವ ಯಾರನ್ನಾದರೂ ನೋಡಬೇಕೆಂದರೆ ಅವರ ಕಿವಿಯನ್ನು ನೋಡುತ್ತಾಳೆ. ಕಿವಿಯನ್ನೂ ಅಲ್ಲ, ಕಿವಿಯಾಚೆಗಿನ ಗೋಡೆಯನ್ನು. ಹೊಸಬರಿಗೆ ಇದು ಗೊತ್ತಿರುವುದಿಲ್ಲ. ಕಮಲಾಪುರದ ನಮ್ಮ ಮನೆಗೆ ಬಂದವರು ಅವ್ವನ ಎದುರಿಗೆ ಕುಳಿತು ನಾಲ್ಕು ಮಾತಾಡುವಷ್ಟರಲ್ಲಿ, ಬೆನ್ನ ಹಿಂದೆ ಯಾರೋ ನಿಂತಿದ್ದಾರೆಂದು ಹಿಂತಿರುಗಿ ನೋಡತೊಡಗುತ್ತಾರೆ. ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ಚಹಾ ತಂದಿಡುತ್ತ "ನಿಮ್ಮನ್ನ ನೋಡ್ಲಾಕತ್ತಾರ್ರಿ, ಗಾಬರಿ ಆಗಬ್ಯಾಡ್ರಿ" ಎಂದು ಬಿಡಿಸಿ ಹೇಳುತ್ತಾರೆ. ಅವ್ವ ನೆಟ್ಟಗೆ ನಿಮ್ಮ ಮುಖವನ್ನೇ ನೋಡಿದಳೆಂದರೆ ಆಗ ಗಾಬರಿಯಾಗಬೇಕು. ನೀವು ಅವಳಿಗೆ ಬೇಡವಾಗಿದ್ದೀರಿ ಎಂದು ಅದರ ಅರ್ಥ. ಅಣ್ಣನ ತೋಟದ ಕೆಂಪು ಬಾಳೆಗೊನೆಯನ್ನು ಸೋವಿಗೆ ಕೇಳಲು ಬರುವವರನ್ನೆಲ್ಲ ಅವಳು ಹಾಗೆಯೇ, ಕಣ್ಣಲ್ಲಿ ಕಣ್ಣಿಟ್ಟು, ಇಲ್ಲವಾಗಿಸುತ್ತಾಳೆ.

ಅವಳ ಎರಡೂ ಕಣ್ಣಿನ ಹಿಂದಿನ ಪರದೆಯಲ್ಲಿ ನಟ್ಟನಡುವಿನ ಜಾಗ ಸವೆದಿದೆ. ವಯಸ್ಸಿಗೆ ಬರುವ ರೋಗ. ಸುತ್ತಲಿನದೆಲ್ಲ ಕಾಣುತ್ತದೆ, ಯಾವುದನ್ನು ನೋಡಬೇಕೋ ಅದೊಂದು ಕಾಣುವುದಿಲ್ಲ. ಹಾಗಾಗಿ ನೋಡಬೇಕಾದದ್ದನ್ನು ಅವಳು ನಡುವಿನಿಂದ ಸುತ್ತಲಿಗೆ ಸರಿಸಿಕೊಳ್ಳುತ್ತಾಳೆ. ಇದನ್ನು ಮೊದಲು ಪತ್ತೆ ಹಚ್ಚಿದ ಡಾಕ್ಟರು ಅಣ್ಣನನ್ನೂ ನನ್ನನ್ನೂ ಕೂಡಿಸಿಕೊಂಡು, "ಮಕ್ಕಳಿಗೂ ಬರಬಹುದು, ಬರದೆಯೂ ಇರಬಹುದು" ಅಂದಿದ್ದರು. ಅಣ್ಣ ಎರಡನೆಯ ಅರ್ಧವನ್ನು ಕೇಳಿಸಿಕೊಂಡು ಊರಿಗೆ ಹೋಗಿ ಗಡದ್ದಾಗಿ ಉಂಡು ಮಲಗಿದ. ನಾನು ಮೊದಲನೆಯ ಅರ್ಧವನ್ನು ಹೊತ್ತುಕೊಂಡು ಶಹರದ ಖೂಬಾ ಪ್ಲಾಟಿನ ನಮ್ಮ ಮನೆಗೆ ಬಂದೆ. ಅದು ಇನ್ನೂ ಇಲ್ಲೇ ಇದೆ.

ಚಿಂತೆ ಮಾಡುವುದು ನನಗೆ ಹೊಸದೇನಲ್ಲ. ಮದುವೆ ಮನೆಗೆ ಹೋದರೆ ಮೊದಲು ಪೆಂಡಾಲಿನ ಕಂಬ ಯಾವ ಕಡೆಗೆ ಬೀಳಬಹುದೆಂದು ನೋಡಿಕೊಂಡು, ಅದರ ವಿರುದ್ಧ ದಿಕ್ಕಿನ ಪಂಕ್ತಿಯಲ್ಲಿ ಊಟಕ್ಕೆ ಕೂಡುವವನು ನಾನು. ಆದರೆ ಕಣ್ಣಿನ ಚಿಂತೆಗೆ ಒಂದು ಘನತೆ ಇತ್ತು. ಯಾಕೆಂದರೆ ನನ್ನ ಹೊಟ್ಟೆಪಾಡು ಕಣ್ಣಿನದು. ನಂದೂರಿನ ದಾಲ್ ಮಿಲ್ಲಿನಲ್ಲಿ ಸ್ಯಾಂಪಲ್ ನೋಡುವುದು ನನ್ನ ಕೆಲಸ. ಚೀಲದಿಂದ ಒಂದು ಹಿಡಿ ಬೇಳೆ ತೆಗೆದು ಅಂಗೈ ಮೇಲೆ ಹರಡಿ, ಬಾಗಿಲ ಬೆಳಕಿಗೆ ಹಿಡಿದು, ಇಷ್ಟು ನುಚ್ಚಿದೆ, ಇಷ್ಟು ಸಿಪ್ಪೆ ಉಳಿದಿದೆ, ಈ ಮಾಲು ಹೋಗಲಿ, ಇದು ನಿಲ್ಲಲಿ ಎಂದು ಹೇಳಬೇಕು. ಈಗ ಕ್ಯಾಮೆರಾ ಇರುವ ಮೆಷಿನ್ ಬಂದು ಒಂದೊಂದು ಕಾಳನ್ನೂ ನೋಡಿ ಕೆಟ್ಟದ್ದನ್ನು ಊದಿ ಎಸೆಯುತ್ತದೆ. ಆದರೂ ಕೊನೆಗೆ ನಾನೊಮ್ಮೆ ಅಂಗೈ ಮೇಲೆ ನೋಡಿ "ಹೂಂ" ಅನ್ನದ ಹೊರತು ಮಾಲೀಕರು ಲಾರಿ ಬಿಡುವುದಿಲ್ಲ. ಆ ಒಂದು "ಹೂಂ" ಮೇಲೆ ನಮ್ಮ ಮನೆ ನಿಂತಿದೆ.

ಹೀಗಾಗಿ ನಾನೊಂದು ನಿತ್ಯಕರ್ಮ ಇಟ್ಟುಕೊಂಡಿದ್ದೆ. ಬೆಳಿಗ್ಗೆ ಎದ್ದವನೇ, ಯಾರಿಗೂ ಹೇಳದೆ, ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರಿನ ಮುಂದೆ ನಿಂತು ಆ ದಿನದ ತಾರೀಖನ್ನು ದಿಟ್ಟಿಸುವುದು. ಅಂಕಿ ನೆಟ್ಟಗೆ ಕಂಡರೆ ನಡು ಇನ್ನೂ ಹೋಗಿಲ್ಲ, ಚಹಾ ಕುಡಿಯಬಹುದು. ಹೆಂಡತಿ ನಾನು ಪಂಚಾಂಗ ನೋಡುತ್ತೇನೆಂದು ತಿಳಿದು, ಬರಬರುತ್ತ ಗಂಡನಿಗೆ ಭಕ್ತಿ ಹೆಚ್ಚಾಗುತ್ತಿದೆ ಎಂದು ಓಣಿಯಲ್ಲಿ ಹೇಳಿಕೊಂಡು ಬಂದಿದ್ದಳು.

ಒಂದು ದಿನ ಏನು ಬುದ್ಧಿ ಬಂತೋ, ಕಣ್ಣನ್ನು ಆ ತಾರೀಖಿನ ಮೇಲೇ ಕಟ್ಟಿಹಾಕಿ, ಕದಲಿಸದೆ, ಪಕ್ಕದ ಚೌಕದಲ್ಲಿ ಸಣ್ಣಕ್ಷರದಲ್ಲಿ ಬರೆದ ತಿಥಿಯನ್ನು ಓದಲು ಯತ್ನಿಸಿದೆ. ಓದಲಾಗಲಿಲ್ಲ. ಅಲ್ಲಿ ಅಕ್ಷರಗಳಿವೆ ಎಂದು ಗೊತ್ತಾಗುತ್ತಿತ್ತು. ಏನಿವೆ ಎಂದು ಗೊತ್ತಾಗುತ್ತಿರಲಿಲ್ಲ. ಇರುವೆ ಸಾಲು ಸಕ್ಕರೆಗೆ ಹೊರಟಂತೆ ಏನೋ ಕಪ್ಪಗೆ. ಕೆಳಗಿನ ಚೌಕ, ಅದೂ ಹಾಗೆ. ಮೇಲಿನದು, ಅದೂ ಹಾಗೆ. ಅವ್ವನಿಗೆ ನಡು ಹೋಗಿ ಸುತ್ತಲಿನದು ಉಳಿದಿತ್ತು. ನನಗೆ ಸುತ್ತಲಿನದು ಹೋಗಿ ನಡು ಉಳಿದಿದೆ. ಅವ್ವನ ರೋಗಕ್ಕೆ ಕಾವಲು ಕೂತವನ ಮನೆಗೆ ಹಿತ್ತಲ ಬಾಗಿಲಿನಿಂದ ಬೇರೆ ರೋಗವೇ ನುಗ್ಗಿತ್ತು.

ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಪೇಪರು ತಂದು ನನ್ನ ಕಿವಿಯ ಪಕ್ಕ ಹಿಡಿದುಕೊಂಡು ಅವಳ ಎದುರಿಗೆ ನಿಂತೆ.

"ನನ್ನ ಮೂಗು ನೋಡು."

"ಯಾಕ್ರಿ, ಏನಾಗ್ಯಾದ ಮೂಗಿಗೆ?"

"ಏನೂ ಆಗಿಲ್ಲ. ಮೂಗು ನೋಡ್ಕೋತ, ಈ ಪೇಪರಿನ್ಯಾಗ ಏನ್ ಬರದಾರ ಓದು. ಕಣ್ಣು ಅಲುಗಾಡಸಬ್ಯಾಡ."

ಅವಳು ಹಿಟ್ಟಿನ ಕೈಯಲ್ಲೇ ಸ್ವಲ್ಪ ಹೊತ್ತು ನನ್ನ ಮೂಗನ್ನು ನೋಡಿದಳು. "ಓದಲಾಕ ಬರಂಗಿಲ್ಲ" ಅಂದಳು.

"ನಿನಗೂ ಹೋಗ್ಯಾದ" ಅಂದೆ. "ಇಬ್ಬರಿಗೂ ಒಂದೇ ಸಲ ಬಂದದ ಅಂದ್ರ ನೀರಿಂದೇ ಇರಬೇಕು. ಇವತ್ತಿನಿಂದ ನೀರು ಕುದಿಸಿ ಕುಡಿಯೋಣು."

"ರೀ, ನಿಮ್ಮ ಮೂಗು ನೋಡ್ಕೋತ ಪೇಪರ್ ಓದು ಅಂದ್ರ ಊರಾಗ ಯಾರಿಗೆ ಬರ್ತದ? ಪೇಪರ್ ಓದಬೇಕಂದ್ರ ಪೇಪರ್ ನೋಡಬೇಕು. ಮೂಗು ನೋಡಬೇಕಂದ್ರ ಮೂಗು ನೋಡಬೇಕು. ಮೂಗಂತೂ ದಿನಾ ನೋಡೇ ನೋಡ್ತೀನಿ, ಬ್ಯಾರೆ ದಾರಿ ಇಲ್ಲ." ಅವಳು ರೊಟ್ಟಿ ತಿರುವಿ ಹಾಕಿದಳು. "ಹೆಂಚು ಕಾದದ. ಸರೀರಿ ಅತ್ತಾಗ."

ಮಿಲ್ಲಿನಲ್ಲಿ ಆ ದಿನ ಇನ್ನೂ ಕಷ್ಟವಾಯಿತು. ಹಿಡಿ ಬೇಳೆ ಅಂಗೈಗೆ ಬಂತು. ಎಷ್ಟೋ ವರ್ಷಗಳಿಂದ ನಾನು ಇಡೀ ಅಂಗೈಯನ್ನು ಒಂದೇ ನೋಟಕ್ಕೆ ನೋಡುತ್ತೇನೆಂದು ನಂಬಿದ್ದೆ. ಹೊಸಬರಿಗೆ ಹಾಗೆಯೇ ಹೇಳಿಯೂ ಕೊಟ್ಟಿದ್ದೆ. ಈಗ ನಡುವಿನ ಒಂದು ಕಾಳಿನ ಮೇಲೆ ಕಣ್ಣಿಟ್ಟು ಕದಲದೆ ನಿಂತೆ. ಆ ಕಾಳು, ಅದರ ಮಗ್ಗುಲಿನ ಇನ್ನೆರಡು ಮೂರು, ಅಷ್ಟೇ. ಬೆರಳ ಬುಡದಲ್ಲಿದ್ದದ್ದು ಬೇಳೆಯೋ ನುಚ್ಚೋ, ಅರಿಶಿನದ ನೀರು ಚೆಲ್ಲಿದೆಯೋ, ದೇವರಿಗೇ ಗೊತ್ತು. ಇದರ ಭರವಸೆಯ ಮೇಲೆ ಇಷ್ಟು ವರ್ಷ ಲಾರಿಗಳನ್ನು ಬಿಟ್ಟಿದ್ದೇನೆಯೇ? ಹೊರಗೆ ಲಾರಿ ತುಂಬಿ ನಿಂತಿತ್ತು. ನನ್ನ ಬಾಯಿಂದ "ಹೂಂ" ಹೊರಡಲಿಲ್ಲ.

ಕಾಟಾದ ಮೇಲೆ ಲಾರಿ ತೂಗಿಸುವ ನನ್ನ ಗೆಳೆಯ ಬಂದು ಪಕ್ಕ ನಿಂತ. ರೋಜಾ ಓಣಿಯ ಕಡೆಯವನು, ನನಗಿಂತ ಸ್ವಲ್ಪ ದೊಡ್ಡವನು, ಗಂಭೀರ ಮುಖ ಮಾಡಿಕೊಂಡೇ ಚೇಷ್ಟೆ ಮಾಡುವವನು.

"ಕ್ಯಾ ಭಾಯಿ, ಹಸ್ತರೇಖಾ ನೋಡಾಕತ್ತೀರೇನು? ಲಾರಿಯವ ಹಾರ್ನ್ ಹೊಡದು ಹೊಡದು ಬ್ಯಾಟರಿ ಇಳಿಸ್ಕೊಂಡಾನ."

ನಾನು ಅವನಿಗೂ ಪರೀಕ್ಷೆ ಕೊಟ್ಟೆ. ನಡುವಿನ ಕಾಳು ನೋಡುತ್ತ ಕಿರುಬೆರಳ ಹತ್ತಿರ ಏನಿದೆ ಹೇಳು ಅಂದೆ. ಅವನು ನೋಡಿ, "ಕುಚ್ ತೋ ಪೀಲಾ ಪೀಲಾ ಅದ" ಅಂದ. ಏನೋ ಹಳದಿ, ಅಷ್ಟೇ.

"ಬೇಳೆನೋ ನುಚ್ಚೋ?"

"ಅದನ್ನ ಹೇಳಲಾಕ ನಿಮಗ ಇಟ್ಟಾರ. ನನಗ ತೂಕಕ್ಕ ಇಟ್ಟಾರ. ಪೀಲಾ ಅಂದಿದ್ದೇ ಹೆಚ್ಚು."

ಅಲ್ಲಿಗೆ ರೋಗಿಗಳು ಮೂವರಾದರು, ಮತ್ತು ಅವನು ನಮ್ಮ ಮನೆಯ ನೀರು ಕುಡಿದವನಲ್ಲ. ನನಗೆ ಕಣ್ಣು ನೋಯುತ್ತಿದೆ ಎಂದು ಮಾಲೀಕರಿಗೆ ಹೇಳಿ, ಅವರು "ಹಂಗಾದ್ರ ನಾಳೆ ತೋರಿಸಿಕೊಂಡೇ ಬರ್ರಿ" ಅಂದ ದನಿಯಲ್ಲಿ ಏನೇನೋ ಅರ್ಥ ಹುಡುಕುತ್ತ ಮನೆಗೆ ಬಂದೆ. ಆ ಲಾರಿಯನ್ನು ಮೆಷಿನ್ನಿನ ಮಾತಿನ ಮೇಲೆಯೇ ಬಿಟ್ಟರೆಂದು ಗೆಳೆಯ ಫೋನಿನಲ್ಲಿ ಹೇಳಿದಾಗ ಅರ್ಧ ರೊಟ್ಟಿ ಬಿಟ್ಟು ಎದ್ದೆ.

ಮರುದಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಹೆಂಡತಿ ಜೊತೆಗೆ ಬಂದಳು. ನನ್ನ ಮೇಲಿನ ಕಾಳಜಿಯಿಂದ ಎಂದು ನಾನು ತಿಳಿದೆ. ಡಾಕ್ಟರು ಏನು ಅನ್ನುತ್ತಾರೆಂದು ಕೇಳಲಿಕ್ಕೆ ಎಂದು ಅವಳು ಹೇಳಿದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗೋಡೆಯ ಮೇಲಿನ ಅಕ್ಷರದ ಪಟ್ಟಿ ಓದಿಸಿದರು. ನಾನು ನನ್ನ ಚಸ್ಮಾ ಹಾಕಿಕೊಂಡೇ ದೊಡ್ಡ ಅಕ್ಷರದಿಂದ ಹಿಡಿದು ಕೊನೆಯ ಸಾಲಿನವರೆಗೆ ಗಡಗಡನೆ ಓದಿ, ಅಲ್ಲಿಗೂ ನಿಲ್ಲದೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದೆ.

"ಮುಗೀತ್ರಿ" ಅಂದರು ಡಾಕ್ಟರು. "ಚಸ್ಮಾದ ನಂಬರು ಬರೋಬ್ಬರಿ ಅದ."

"ಇಲ್ಲ ಮೇಡಂ, ಅದರ ಕೆಳಗ ಇನ್ನೊಂದು ಸಾಲು ಅದ. ಅದು ನನಗ ಓದಲಾಕ ಬರವಲ್ದು."

"ಅದು ಪಟ್ಟಿ ಛಾಪಿಸಿದವರ ಹೆಸರು ರೀ. ಅದನ್ನ ಇಲ್ಲಿಂದ ಯಾರೂ ಓದಿಲ್ಲ."

"ನಂಬರ್ ಒಂದೀಟು ಜಾಸ್ತಿ ಕೊಟ್ರ ಓದಬಹುದೇನ್ರಿ?"

ಹಿಂದಿನ ಬೆಂಚಿನಲ್ಲಿ ಕುಳಿತ ಹೆಂಡತಿ ಸೆರಗನ್ನು ಬಾಯಿಗೆ ಹಿಡಿದುಕೊಂಡದ್ದು, ಸುತ್ತಲಿನದು ಕಾಣದ ನನಗೂ ಚೆನ್ನಾಗಿ ಕಂಡಿತು.

ಡಾಕ್ಟರು ಮಾತ್ರ ನಗಲಿಲ್ಲ. ನನ್ನ ಕ್ಯಾಲೆಂಡರಿನ ಕತೆ, ಮೂಗಿನ ಕತೆ, ಅಂಗೈಯ ಕತೆ ಎಲ್ಲ ಕೇಳಿದರು. ಆಮೇಲೆ, "ಕೈ ನೆಟ್ಟಗ ಚಾಚಿ ಹೆಬ್ಬೆರಳು ಎತ್ರಿ" ಅಂದರು. ಎತ್ತಿದೆ. "ಆ ಉಗುರು ಎಷ್ಟು ಕಾಣ್ತದ ನೋಡ್ರಿ. ಮನುಷ್ಯಾಗ ಸ್ವಚ್ಛ ಕಾಣೋದು ಒಂದು ಹೊತ್ತಿಗೆ ಅಷ್ಟ. ನಿಮಗೂ ಅಷ್ಟ, ನನಗೂ ಅಷ್ಟ."

"ಯಾವಾಗಿಂದ್ರಿ?"

"ಹುಟ್ಟಿದಾಗಿಂದ."

ಕಣ್ಣಿನ ಹಿಂದಿನ ಪರದೆಯ ಮೇಲೆ ಬೆಳಕು ಹಿಡಿಯುವ ಸಣ್ಣ ಸಣ್ಣ ಕಣಗಳಿರುತ್ತವಂತೆ. ನಟ್ಟನಡುವಿನ ಒಂದು ಕುಣಿಯಲ್ಲಿ ಅವು ಒತ್ತೊತ್ತಾಗಿ ಕೂತಿರುತ್ತವೆ, ಒಂದೊಂದೂ ತನ್ನ ಸುದ್ದಿಯನ್ನು ತಾನೇ ಮಿದುಳಿಗೆ ಕಳಿಸುತ್ತದೆ. ಸುತ್ತ ಹೋದಂತೆ ಬಿಡಿಬಿಡಿಯಾಗುತ್ತವೆ, ಹತ್ತಾರು ಕೂಡಿ ಎಲ್ಲರ ಪರವಾಗಿ ಒಂದೇ ಸುದ್ದಿ ಕಳಿಸುತ್ತವೆ. ನನ್ನ ತಲೆಯಲ್ಲಿ ಕೂಡಲೇ ಒಂದು ವಿಚಿತ್ರ ಜರಡಿ ಬಂದು ನಿಂತಿತು: ನಡುವೆ ಒಂದು ರೂಪಾಯಿ ನಾಣ್ಯಕ್ಕಿಂತಲೂ ಕಡಿಮೆ ಜಾಗದಲ್ಲಿ ಸಣ್ಣ ತೂತು, ಉಳಿದದ್ದೆಲ್ಲ ಬೆರಳು ಹೋಗುವಂಥ ತೂತು. ಅಂಥ ಜರಡಿಯನ್ನು ನಮ್ಮ ಮಾಲೀಕರಿಗೆ ಮಾರಲು ಬಂದವನನ್ನು ಅವರು ಗೇಟಿನ ಒಳಗೆ ಬಿಡುತ್ತಿರಲಿಲ್ಲ.

"ಆ ನಡುವಿನ ಕಣಕ್ಕೂ ಒಂದು ಗಾತ್ರ ಅದರಿ" ಅಂದರು ಡಾಕ್ಟರು. "ಎರಡು ಚುಕ್ಕಿ ಭಾಳ ಹತ್ತಿರ ಬಂದು ಒಂದ ಕಣದ ಮ್ಯಾಲ ಬಿದ್ರ, ಅದಕ್ಕ ಅದು ಒಂದ ಚುಕ್ಕಿ. ಚಸ್ಮಾ ಏನ್ ಮಾಡ್ತದ, ಚಿತ್ರ ತಂದು ಪರದಿ ಮ್ಯಾಲ ನೆಟ್ಟಗ ಇಡ್ತದ. ಪರದಿ ಬದಲಿ ಮಾಡಂಗಿಲ್ಲ. ನಿಮ್ಮ ಛಾಪಖಾನಿ ಹೆಸರು ಓದೋಹಂಗ ಮಾಡೋ ಚಸ್ಮಾ ನನ್ನ ಕಡೆ ಇಲ್ಲ. ಎದ್ದು ಹತ್ತಿರ ಹೋಗಿ ಓದ್ರಿ."

"ಮತ್ತ ಇಷ್ಟು ವರ್ಷ ನನಗ ಯಾಕ ಗೊತ್ತಾಗಲಿಲ್ರಿ?"

"ನೀವು ಎಲ್ಲಿ ನೋಡಬೇಕು ಅಂತೀರೋ ಅಲ್ಲಿ ಕಣ್ಣು ಮೊದಲ ಹೋಗಿ ನಿಂತಿರ್ತದಲ್ರಿ."

ಇದು ನನಗೆ ಥಟ್ಟನೆ ಅರ್ಥವಾಯಿತು. ನಮ್ಮ ಮಾಲೀಕರು ಮಿಲ್ಲಿನಲ್ಲಿ ಒಂದು ಸುತ್ತು ಹಾಕುತ್ತಾರೆ. ಅವರು ಹೋದಲ್ಲೆಲ್ಲ ಎಲ್ಲರೂ ಬೆವರು ಸುರಿಸಿ ದುಡಿಯುತ್ತಿರುತ್ತಾರೆ. ಹಾಗಾಗಿ ಇಡೀ ಮಿಲ್ಲು ಯಾವಾಗಲೂ ಹೀಗೇ ದುಡಿಯುತ್ತದೆಂದು ಅವರ ನಂಬಿಕೆ. ನಾನೂ ನನ್ನ ಕಣ್ಣಿನ ಮಟ್ಟಿಗೆ ಅಂಥದೇ ಮಾಲೀಕನಾಗಿದ್ದೆ. ಅಂಗೈ ವಿಷಯವೂ ಬಗೆಹರಿಯಿತು. ಸ್ಯಾಂಪಲ್ ನೋಡುವಾಗ ನನ್ನ ಹೆಬ್ಬೆರಳು ತನ್ನಷ್ಟಕ್ಕೆ ಬೇಳೆಯನ್ನು ಸರಿಸುತ್ತಿರುತ್ತದೆ, ಕಣ್ಣು ಅದರ ಹಿಂದೆ ಓಡುತ್ತಿರುತ್ತದೆ. ನಾನು ಒಂದೇ ನೋಟಕ್ಕೆ ನೋಡುತ್ತೇನೆಂದುಕೊಂಡದ್ದು ನೂರು ನೋಟ.

ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲ ಮಾಡಿ, ಒಳಗೆಲ್ಲ ದೀಪ ಬಿಟ್ಟು ನೋಡಿದ ಮೇಲೆ ಡಾಕ್ಟರ ದನಿ ಸ್ವಲ್ಪ ಬದಲಾಯಿತು.

"ನಿಮ್ಮ ಪರದಿ ಈಗ ಸ್ವಚ್ಛ ಅದ. ಫಿಕರ್ ಮಾಡಬ್ಯಾಡ್ರಿ. ಆದ್ರ ತಾಯಿಯವರಿಗೆ ಬಂದದ, ನಿಮಗ ಬರೋದೇ ಇಲ್ಲ ಅಂತ ನಾ ಬರದು ಕೊಡಂಗಿಲ್ಲ. ವರ್ಷಕ್ಕೊಮ್ಮೆ ಬರ್ರಿ." ಚೌಕ ಚೌಕ ಗೆರೆ ಎಳೆದು ನಡುವೆ ಒಂದು ಚುಕ್ಕೆ ಇಟ್ಟ ಕಾರ್ಡೊಂದನ್ನು ಕೈಗಿತ್ತರು. "ಚುಕ್ಕಿ ನೋಡ್ರಿ. ಗೆರಿ ಎಲ್ಲಾದ್ರೂ ಸೊಟ್ಟ ಕಂಡ್ರ, ಇಲ್ಲಾ ನಡುವ ಅಳಿಸಿದಂಗ ಕಂಡ್ರ, ಅವತ್ತೇ ಬರ್ರಿ. ಒಂದ ಕಣ್ಣು ಮುಚ್ಚಿ ನೋಡಬೇಕು, ಆಮ್ಯಾಲ ಇನ್ನೊಂದು. ಎರಡೂ ಬಿಟ್ಕೊಂಡು ನೋಡಿದ್ರ ಒಂದರ ತಪ್ಪು ಇನ್ನೊಂದು ಮುಚ್ಚಿ ಹಾಕ್ತದ."

ನಾನು ಕ್ಯಾಲೆಂಡರಿನ ಮುಂದೆ ಇಷ್ಟು ದಿನ ನಿಂತದ್ದೂ ಹಾಗಾದರೆ ದಂಡ. ಎರಡೂ ಕಣ್ಣು ಬಿಟ್ಟುಕೊಂಡೇ ನಿಂತಿದ್ದೆ.

"ಗಂಡ-ಹೆಂಡತಿ ಇದ್ದಂಗ ಅನ್ರಿ" ಅಂದಳು ನನ್ನ ಹೆಂಡತಿ. ಡಾಕ್ಟರು ಆಗ ಮೊದಲ ಸಲ ನಕ್ಕರು. ಹನಿಯ ದೆಸೆಯಿಂದ ರಸ್ತೆಯೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಅವಳು ನನ್ನ ಕೈ ಹಿಡಿದು ಆಟೋ ಹತ್ತಿಸಿದಳು, ಮತ್ತು ದಾರಿಯುದ್ದಕ್ಕೂ ಒಂದೊಂದು ಅಂಗಡಿ ಬಂದಾಗಲೂ "ಬೋರ್ಡಿನ ಕೆಳಗ ಪೇಂಟರ್ ಹೆಸರು ಅದ, ಓದ್ತೀರೇನು?" ಎಂದು ಕೇಳಿದಳು.

ಅದರ ಮರುದಿನ, ಭಾನುವಾರ, ಹುಮನಾಬಾದ್ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ. ಅವ್ವನಿಗೆ ಒಳ್ಳೆಯ ಸುದ್ದಿ ಹೇಳಬೇಕೆಂದು ಹೆಂಡತಿಗೆ ಹೇಳಿದ್ದೆ. ನಿಜ ಹೇಳಬೇಕೆಂದರೆ ಕೇಳುವುದಿತ್ತು. ಇಷ್ಟು ವರ್ಷ ಅವಳ ರೋಗಕ್ಕೆ ನಾನು ಹೆದರಿದ್ದೆನೇ ಹೊರತು, ಅದು ಹೇಗಿರುತ್ತದೆಂದು ಅವಳನ್ನು ಕೇಳಿರಲಿಲ್ಲ.

ಅವ್ವ ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದಳು. ಅದಕ್ಕೆ ಬೆರಳು ಸಾಕು, ಕಣ್ಣು ಬೇಕಿಲ್ಲ. ನಾನು ಗೇಟು ದಾಟಿದ ಕೂಡಲೇ, ತಲೆಯನ್ನು ಬೇವಿನ ಗಿಡದ ಕಡೆ ತಿರುಗಿಸಿ, "ಬಾ ತಮ್ಮಾ" ಅಂದಳು.

"ನಾನೇ ಅಂತ ಹ್ಯಾಂಗ ಗೊತ್ತಾತು?"

"ಗೇಟಿನ ಚಿಲಕ ಹಾಕಿ, ಎರಡು ಹೆಜ್ಜಿ ಬಂದು, ತಿರುಗಿ ಹೋಗಿ ಬಿದ್ದದೋ ಇಲ್ಲೋ ಅಂತ ಮತ್ತ ನೋಡಾಂವ ಈ ಊರಾಗ ಇನ್ಯಾರದಾರ?"

ಅವಳ ಪಕ್ಕ ಕೂತು ಹೆಬ್ಬೆರಳ ಉಗುರಿನ ಕತೆ ಹೇಳಿದೆ. ಅವಳು ನನ್ನ ಕಿವಿಯಾಚೆ ನೋಡುತ್ತ, ಅಂದರೆ ನನ್ನನ್ನೇ ನೋಡುತ್ತ, ಕೇಳಿದಳು.

"ಅಂದ್ರ ನಿನಗ ಇರೋದು ಉಗುರಿನಷ್ಟು. ನನಗ ಹೋಗಿದ್ದು ಉಗುರಿನಷ್ಟು" ಅಂದಳು. "ಉಳಿದದ್ದು ಇಬ್ಬರಿಗೂ ಒಂದ. ಮತ್ತ ನೀ ಯಾಕ ಅಳ್ಕೋತ ಬಂದಿ?"

"ನಾ ಎಲ್ಲಿ ಅತ್ತೀನಿ? ಅವ್ವಾ, ನೀ ನೆಟ್ಟಗ ನನ್ನ ನೋಡಿದ್ರ ಅಲ್ಲಿ ಏನ್ ಕಾಣ್ತದ?"

ಅವಳ ಬೆರಳು ನಿಂತವು. ಪರೀಕ್ಷಿಸಲೆಂದೇ ನನ್ನ ಮುಖವನ್ನು ನೇರವಾಗಿ ನೋಡಿದಳು. ಬಾಳೆಗೊನೆಯವರನ್ನು ನೋಡುವಂತೆ. ನನಗೆ ಒಂದು ಗಳಿಗೆ ನಾನೇ ಅಲ್ಲಿಲ್ಲ ಅನಿಸಿತು.

"ಕಪ್ಪಲ್ಲ" ಅಂದಳು. "ಎಲ್ಲಾರೂ ಕಪ್ಪು ಅಂತ ತಿಳಿದಾರ. ಗ್ವಾಡಿಗೆ ಸುಣ್ಣ ಹಚ್ಚುವಾಗ ಒಂದ ಕಡೆ ಸರಿಯಾಗಿ ಹಚ್ಚಿಲ್ಲಂದ್ರ ಮಸಕ ಉಳಿತದಲ್ಲ, ಹಂಗ. ನಿನ್ನ ಕೂದಲಾ ಅದ, ಅಂಗಿ ಕಾಲರ್ ಅದ. ನಡುವ ನೀ ಇಲ್ಲ." ಮತ್ತೆ ಬೇವಿನ ಗಿಡದ ಕಡೆ ತಿರುಗಿದಳು. "ಈಗ ಬಂದಿ. ಗಡ್ಡ ಮಾಡ್ಕೊಂಡಿಲ್ಲ."

ಗಡ್ಡ ಮಾಡಿಕೊಂಡಿರಲಿಲ್ಲ.

"ಮೊದಲ ಹ್ಯಾಂಗ ಗೊತ್ತಾತವ್ವಾ ನಿನಗ?"

"ರಂಗೋಲಿ" ಅಂದಳು. "ಬಾಗಿಲ ಮುಂದ ದಿನಾ ಚುಕ್ಕಿ ಇಟ್ಟು ಗೆರಿ ಎಳಿತಿದ್ದೆ. ಒಂದಿನ ಗೆರಿ ನಡುವ ಡೊಂಕ ಆತು. ಅಳಿಸಿ ಎಳದೆ, ಮತ್ತ ಡೊಂಕ. ಕೈ ಹೋತು ಅಂದ್ಕೊಂಡೆ. ಕೈಗೆ ಎಣ್ಣಿ ತಿಕ್ಕಿದೆ. ಬಿಸಿನೀರಾಗ ಇಟ್ಟೆ. ಭಾಳ ದಿವಸ ಕೈನೇ ಬೈದೆ ಪಾಪ, ಅದರ ತಪ್ಪೇನೂ ಇದ್ದಿಲ್ಲ."

"ನಮಗ ಯಾಕ ಹೇಳಲಿಲ್ಲ?"

"ನಿನಗ ಹೇಳಿದ್ರ ನಿನ್ನ ಕೈಗೂ ನೀ ಎಣ್ಣಿ ತಿಕ್ಕೋತ ಕೂಡ್ತಿದ್ದಿ."

ನಾನು ಜೇಬಿನಿಂದ ಡಾಕ್ಟರ ಕಾರ್ಡು ತೆಗೆದು ಅವಳ ಕೈಗಿಟ್ಟೆ. ಅವಳು ಅದನ್ನು ಮಗ್ಗುಲಿಗೆ ಹಿಡಿದು, ಮೂಗಿನ ಹತ್ತಿರ ತಂದು, ಚೌಕದ ಗೆರೆಗಳನ್ನು ಬೆರಳಿನಿಂದ ಸವರಿದಳು. "ಇದು ಚುಕ್ಕಿ ರಂಗೋಲಿನೇ ಅಲ್ಲೇನು" ಅಂದಳು. "ಗಂಡಸರಿಗೆ ಹಾಕಲಾಕ ಬರಂಗಿಲ್ಲಂತ ಛಾಪಿಸಿ ಕೊಟ್ಟಾರ." ಅಷ್ಟರಲ್ಲೇ, ತಲೆ ಎತ್ತದೆ, "ಆಡು ಬಂತು ನೋಡು, ತೊಗರಿಗೆ ಬಾಯಿ ಹಾಕ್ತದ" ಅಂದಳು. ಅಂಗಳದ ಆ ತುದಿಯಲ್ಲಿ ಒಣಹಾಕಿದ್ದ ತೊಗರಿಯ ಹತ್ತಿರ ಆಡು ನಿಂತಿತ್ತು. ಕಾರ್ಡಿನ ನಡುವಿನ ಚುಕ್ಕೆಯನ್ನೇ ನೋಡುತ್ತ ಕುಳಿತಿದ್ದ ನನಗೆ ಅದು ಕಂಡಿರಲಿಲ್ಲ.

ಸೋಮವಾರ ಮಿಲ್ಲಿನಲ್ಲಿ ಹಿಡಿ ಬೇಳೆ ಅಂಗೈ ಮೇಲೆ ಹಾಕಿಕೊಂಡು, ಹೆಬ್ಬೆರಳಿಗೆ ಅದರ ಕೆಲಸ ಮಾಡಲು ಬಿಟ್ಟು, "ಹೂಂ" ಅಂದೆ. ಗೆಳೆಯ ಕಾಟಾದ ಕಿಟಕಿಯಿಂದ ಕೈ ಮುಗಿದ.

ಕಾರ್ಡು ಈಗ ಕ್ಯಾಲೆಂಡರಿನ ಪಕ್ಕದಲ್ಲೇ ತೂಗುತ್ತದೆ. ಬೆಳಿಗ್ಗೆ ಒಂದು ಕಣ್ಣು, ಆಮೇಲೆ ಇನ್ನೊಂದು. ಗೆರೆಗಳು ನೆಟ್ಟಗಿವೆ. ಆದರೆ ನನ್ನಂಥವನಿಗೆ ಅಷ್ಟಕ್ಕೆ ಸಮಾಧಾನವಾಗುತ್ತದೆಯೇ? ಅಚ್ಚು ಮಾಡಿದ ಗೆರೆ, ಅಚ್ಚು ನೆಟ್ಟಗಿದೆ, ಕಣ್ಣಿಗೆ ಅಭ್ಯಾಸವಾಗಿರಬಹುದು. ಅವ್ವನಿಗೆ ಗೊತ್ತಾದಂತೆ ಗೊತ್ತಾಗಬೇಕೆಂದರೆ ಸ್ವತಃ ಎಳೆಯಬೇಕು. ಹೀಗೆ ಯೋಚಿಸಿ ಒಂದು ದಿನ ಹೆಂಡತಿ ಅಂಗಳಕ್ಕೆ ನೀರು ಚಿಮುಕಿಸಿ ಒಳಗೆ ಹೋದ ಸಮಯ ನೋಡಿ, ರಂಗೋಲಿ ಬಟ್ಟಲು ತೆಗೆದುಕೊಂಡು ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕುಳಿತೆ. ಚುಕ್ಕಿ ಇಟ್ಟೆ. ಎಡಗಣ್ಣು ಮುಚ್ಚಿಕೊಂಡು ಗೆರೆ ಎಳೆದೆ. ನಡುವಿಗೆ ಬಂದು ಗೆರೆ ಡೊಂಕಾಯಿತು. ಅಳಿಸಿ ಎಳೆದೆ. ಮತ್ತೆ ಡೊಂಕು. ಕಣ್ಣು ಬದಲಿಸಿ ಎಳೆದೆ. ಇನ್ನೂ ಡೊಂಕು.

ಹೆಂಡತಿ ಹೊರಗೆ ಬಂದು ನಿಂತಿದ್ದಳು. ಎದುರು ಮನೆಯವರೂ ಗೇಟಿಗೆ ಬಂದು ನಿಂತಿದ್ದರು. ಅವಳು ಒಳಗೆ ಹೋಗಿ ಕಾರ್ಡು ತಂದು ನನ್ನ ಮುಖದೆದುರು ಹಿಡಿದಳು.

"ಬಲಗಣ್ಣು ಮುಚ್ರಿ. ಗೆರಿ ಹ್ಯಾಂಗದ?"

"ನೆಟ್ಟಗ."

"ಈಗ ಎಡಗಣ್ಣು."

"ನೆಟ್ಟಗ."

ಅವಳು ಬಾಗಿ ನನ್ನ ರಂಗೋಲಿಯನ್ನು ಒಮ್ಮೆ ಈ ಮಗ್ಗುಲಿನಿಂದ, ಒಮ್ಮೆ ಆ ಮಗ್ಗುಲಿನಿಂದ ಪರೀಕ್ಷಿಸಿದಳು, ನಾನು ಸ್ಯಾಂಪಲ್ ನೋಡುವಂತೆ.

"ಕಣ್ಣು ಚಲೋ ಅವ" ಅಂದಳು. "ಕೈ ಹೋಗ್ಯಾದ."

ನನಗೆ ಅದೆಷ್ಟು ಹಾಯೆನಿಸಿತೆಂದರೆ, ಆ ಡೊಂಕು ರಂಗೋಲಿಯನ್ನು ಅಳಿಸಗೊಡದೆ ಅವತ್ತೊಂದು ದಿನ ಹಾಗೇ ಇರಿಸಿದೆ. ಓಣಿಯವರು ಅದನ್ನು ದಾಟಿಕೊಂಡು ಓಡಾಡಿದರು.